ದೊನ್ಯಾ ದೆಲ್ಫಿನಾ ಹೊಲಿದ ಸೈಕಲ್ ಚಡ್ಡಿ

ದೊನ್ಯಾ ದೆಲ್ಫಿನಾ ಸಿಯಾಚೊಕೆ ಐವತ್ತೊಂದನೆಯ ವಯಸ್ಸಿನವರೆಗೆ ಸೈಕಲ್ ಮುಟ್ಟಿದವರಲ್ಲ. ನಮ್ಮ ದುಯಿತಾಮಾದಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಹಾಲು ಹಾಕುವವನು, ಶಾಲೆಯ ಮೇಷ್ಟ್ರು, ಪಾದ್ರಿ, ಎಲ್ಲರೂ ಪೆಡಲ್ ತುಳಿದೇ ದೊಡ್ಡವರಾದವರು. ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಸಿಗದವರು ಸಾಂತಾ ರೋಸಾದ ಏರಿನಲ್ಲಿ ಸಿಗುತ್ತಾರೆ. ದೊನ್ಯಾ ದೆಲ್ಫಿನಾ ಮಾತ್ರ ಊರೊಳಗೆ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದರು. ದೊನ್ಯಾ ಎನ್ನುವುದು ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು, ಗಂಡಸರಿಗೆ ದೊನ್. ದಪ್ಪ ಮೈಯ, ಕಡಿಮೆ ಮಾತಿನ ಹೆಂಗಸು. ಬೊಗೋತಾದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫಾಹಾ ಹೊಲಿದಿದ್ದರು. ಹೊಟ್ಟೆ ಸೊಂಟ ಒಳಗೊತ್ತಿ ಹಿಡಿಯಲು ಹೆಂಗಸರು ಲಂಗದೊಳಗೆ ತೊಡುತ್ತಾರಲ್ಲ, ಆ ಬಿಗಿ ಕವಚ. ತಾಯಿ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಊರಿಗೆ ಬಂದರು. ಒಲೆಯ ಬೆಚ್ಚಗೆ ಸಿಗಲೆಂದು ತಾಯಿಯ ಮಂಚವನ್ನು ಅಡುಗೆಮನೆಯಲ್ಲೇ ಹಾಕಿ, ಅದರ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಊರಿನ ಹೆಂಗಸರಿಗೆ ಫಾಹಾ, ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತೇಳನೆಯ ಇಸವಿಯಲ್ಲಿ. ಆಗ ನನಗೆ ಹತ್ತೊಂಬತ್ತು. ಬೆಳಿಗ್ಗೆ ಅಮ್ಮನ ಜೊತೆ ಸಂತೆಕಟ್ಟೆಯಲ್ಲಿ ಆಲೂಗಡ್ಡೆ ಮಾರುತ್ತಿದ್ದೆ, ಮಧ್ಯಾಹ್ನ ಹೆಂಗಸರ ತಂಡದ ಜೊತೆ ಸೈಕಲ್ ತುಳಿಯುತ್ತಿದ್ದೆ. ತಂಡ ಎಂದರೆ ಆರೇ ಜನ. ಗಂಡಸರ ಕ್ಲಬ್ಬಿನ ತರಬೇತುದಾರ ದೊನ್ ಎಲಿಯೆಸೆರ್ ಒಳ್ಳೆಯ ಮನುಷ್ಯ. ಯಾರೂ ಕೇಳದಿದ್ದರೂ ನಮ್ಮನ್ನು ಸೇರಿಸಿಕೊಂಡು ಕಲಿಸುತ್ತಿದ್ದರು. ಗಂಡಸರು ಹಾಕಿ ಬಿಟ್ಟ ಅಂಗಿ ಚಡ್ಡಿಗಳನ್ನು ಒಗೆಸಿ ನಮಗೆ ಹಂಚಿದ್ದರು. ಆ ಚಡ್ಡಿಗಳಲ್ಲೇ ನಮ್ಮ ಕಷ್ಟವೆಲ್ಲ ಇದ್ದದ್ದು.

ಸೈಕಲ್ ಪಂದ್ಯದ ಚಡ್ಡಿ ಹೊಟ್ಟೆಯಿಂದ ಮೊಣಕಾಲಿನ ಮೇಲಿನವರೆಗೆ ಮೈಗಂಟಿಕೊಂಡಿರುತ್ತದೆ. ಜಾರಿ ಇಳಿಯದಂತೆ ಎರಡು ಪಟ್ಟಿಗಳು ಭುಜದ ಮೇಲೆ ಹಾದು ಬೆನ್ನಿಗೆ ಹೋಗುತ್ತವೆ. ಸೀಟಿನ ಮೇಲೆ ಕೂರುವ ಜಾಗದಲ್ಲಿ ಒಳಗೊಂದು ಮೆತ್ತೆ. ಗಂಡಸರ ಅಳತೆಗೆ ಹೊಲಿದ ಆ ಚಡ್ಡಿ ನಮಗೆ ಸೊಂಟದಲ್ಲಿ ದೊಗಳೆ, ತೊಡೆಯಲ್ಲಿ ಬಿಗಿ. ಪಟ್ಟಿಗಳು ಎದೆಯನ್ನು ಅಮುಕುತ್ತಿದ್ದವು, ಇಲ್ಲವೇ ಭುಜದಿಂದ ಜಾರುತ್ತಿದ್ದವು. ಮೆತ್ತೆಯೋ ಬೇಕಾದ ಕಡೆ ಇಲ್ಲ, ಬೇಡದ ಕಡೆ ಉಬ್ಬು. ಅದರ ನಟ್ಟನಡುವೆ ಉದ್ದಕ್ಕೂ ಒಂದು ಹೊಲಿಗೆ. ನಾವು ಪಿನ್ನು ಹಾಕಿ, ಒಳಗೆ ಇನ್ನೊಂದು ಒಳಚಡ್ಡಿ ತೊಟ್ಟು, ಹೇಗೋ ಸುಧಾರಿಸುತ್ತಿದ್ದೆವು. ಅದರಿಂದ ಉಜ್ಜುವುದು ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ನನಗೆ ಹುಣ್ಣಾಯಿತು. ಯಾರಿಗೂ ಹೇಳಲಾಗದ ಜಾಗದಲ್ಲಿ. ಹನ್ನೊಂದು ದಿನ ನಿಂತುಕೊಂಡೇ ಆಲೂಗಡ್ಡೆ ಮಾರಿದೆ. ಪ್ರಾರ್ಥನೆಗೆ ಹೋದಾಗಲೂ ಕೊನೆಯ ಸಾಲಿನಲ್ಲಿ ನಿಂತೇ ಇರುತ್ತಿದ್ದುದನ್ನು ಕಂಡು, ಹುಡುಗಿಗೆ ಭಕ್ತಿ ಹೆಚ್ಚಾಗಿದೆ ಎಂದು ಅಮ್ಮ ನೆರೆಯವರ ಬಳಿ ಹೇಳಿಕೊಂಡಳಂತೆ. ದೊನ್ ಎಲಿಯೆಸೆರ್‌ಗೆ ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ. ಧೈರ್ಯ ಮಾಡಿ ಒಬ್ಬ ವೈದ್ಯರ ಬಳಿ ಹೋದರೆ, ಅವರು ಸರಿಯಾಗಿ ನೋಡದೆ, ಹುಡುಗಿಯರಿಗೆ ಸೈಕಲ್ ಆಗಿಬರುವುದಿಲ್ಲ, ಬಿಟ್ಟುಬಿಡು ಎಂದು ಒಂದು ಮುಲಾಮು ಬರೆದುಕೊಟ್ಟರು. ಕೊನೆಗೆ, ಪಟ್ಟಿಯನ್ನಾದರೂ ಗಿಡ್ಡ ಮಾಡಿಸಿದರೆ ಚಡ್ಡಿ ಅಲ್ಲಾಡದೆ ನಿಲ್ಲಬಹುದು ಎಂದುಕೊಂಡು ಅದನ್ನು ಕಾಗದದಲ್ಲಿ ಸುತ್ತಿ ದೊನ್ಯಾ ದೆಲ್ಫಿನಾ ಮನೆಗೆ ಒಯ್ದೆ.

ಅವರು ಚಡ್ಡಿಯನ್ನು ಬಿಡಿಸಿ ನೋಡಿದರು. ಪಟ್ಟಿ ಎಳೆದು ಬಿಟ್ಟರು. ಆಮೇಲೆ ನನ್ನನ್ನು ನೋಡಿದರು.

"ಪಟ್ಟಿ ಗಿಡ್ಡ ಮಾಡ್ಕೊಡ್ತೀನಿ. ನೀನ್ಯಾಕೆ ನಿಂತೇ ಇದೀಯ? ಕೂತ್ಕೋ."

"ಪರವಾಗಿಲ್ಲ ದೊನ್ಯಾ ದೆಲ್ಫಿನಾ."

"ಕೂತ್ಕೋ ಅಂದೆ."

ಕುರ್ಚಿಯ ಅಂಚಿನಲ್ಲಿ ಒಂದು ಪಕ್ಕಕ್ಕೆ ಭಾರ ಹಾಕಿ ಕೂತೆ. ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ ಅವರ ತಾಯಿ ದೊನ್ಯಾ ತ್ರಾನ್ಸಿತೊ ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಅವರು ತಲೆ ತಿರುಗಿಸಿ ನನ್ನನ್ನೊಮ್ಮೆ ನೋಡಿದರು.

"ಆ ಹುಡುಗಿಗೆ ಹುಣ್ಣಾಗಿದೆ ಕಣೆ ದೆಲ್ಫಿನಾ. ಹಾಸಿಗೆ ಹಿಡಿದ ಮೊದಲ್ನೇ ವರ್ಷ ನಾನೂ ಹಿಂಗೇ ಕೂರ್ತಿದ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದೊನ್ಯಾ ದೆಲ್ಫಿನಾ ಎದ್ದು ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದರು. ಕೈ ತೊಳೆದರು. ನಾಚಿಕೊಳ್ಳುವುದಿದ್ದರೆ ಆಮೇಲೆ ನಾಚಿಕೋ, ಈಗ ತೋರಿಸು ಎಂದರು. ತೋರಿಸಿದೆ. ಅವರು ಅಯ್ಯೋ ಅನ್ನಲಿಲ್ಲ, ಮುಖ ಸಿಂಡರಿಸಲಿಲ್ಲ. ಕನ್ನಡಕ ಏರಿಸಿ ನೋಡಿ, ಚಡ್ಡಿಯನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳು ಓಡಿಸಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ನೋಡು. ಹೊಲಿಗೆ ಇಲ್ಲಿ ದಪ್ಪ ಇದೆ, ನಿನ್ನ ಗಾಯ ಅದೇ ನೇರಕ್ಕಿದೆ. ಮೂಳೆಗೆ ಮೆತ್ತೆ ಸಿಕ್ಕಿಲ್ಲ, ಚರ್ಮಕ್ಕೆ ದಾರ ಸಿಕ್ಕಿದೆ. ಇದ್ರಲ್ಲಿ ನಿನ್ನ ತಪ್ಪೇನೂ ಇಲ್ಲ ಮಗಳೇ."

ಆವರೆಗೆ ಅದು ನನ್ನದೇ ತಪ್ಪು, ನನ್ನ ಮೈಯೇ ಈ ಆಟಕ್ಕೆ ಹೇಳಿದ್ದಲ್ಲ ಎಂದು ನಾನು ನಂಬಿದ್ದೆ. ಆ ಅಡುಗೆಮನೆಯಲ್ಲಿ ಚಡ್ಡಿಯಿಲ್ಲದೆ ನಿಂತು ಅತ್ತುಬಿಟ್ಟೆ. ದೊನ್ಯಾ ತ್ರಾನ್ಸಿತೊ, ಅಳೋಳಿಗೆ ಪಾನೆಲಾ ನೀರು ಕೊಡೆ ಎಂದು ಮಗಳಿಗೆ ಹೇಳಿ ಮತ್ತೆ ಗೋಡೆಗೆ ಮುಖಮಾಡಿದರು. ಬಿಸಿ ಬೆಲ್ಲದ ನೀರಿನ ಲೋಟ ಕೈಗೆ ಬಂತು.

ಹುಣ್ಣಿನ ವಿಷಯ ದೊನ್ಯಾ ದೆಲ್ಫಿನಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾಯಿ ಹಾಸಿಗೆ ಹಿಡಿದ ಮೊದಲ ವರ್ಷ ಬೆನ್ನಿನ ಬುಡದಲ್ಲಿ ಹುಣ್ಣಾಗಿ ಮೂಳೆ ಕಾಣುವಷ್ಟು ಆಳಕ್ಕೆ ಹೋಗಿತ್ತಂತೆ. ಅದನ್ನು ಅವರೇ ವಾಸಿ ಮಾಡಿದ್ದರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕೂ ಇರದಂತೆ ಎಳೆದು ಕಟ್ಟುವುದು, ಚರ್ಮ ಒದ್ದೆಯಾಗಿ ಉಳಿಯದಂತೆ ನೋಡುವುದು, ಮೂಳೆಯ ಕೆಳಗೆ ಕುರಿ ತುಪ್ಪಳ ಇಡುವುದು. ಆಮೇಲಿನ ಐದು ವರ್ಷಗಳಲ್ಲಿ ಆ ಮುದುಕಿಯ ಮೈಯಲ್ಲಿ ಒಂದು ಕೆಂಪು ಮಚ್ಚೆಯೂ ಏಳಲಿಲ್ಲ. ಅದೇ ಬುದ್ಧಿಯನ್ನು ನನಗೂ ಹೇಳಿದರು. ಹತ್ತು ದಿನ ಸೀಟು ಮುಟ್ಟಬೇಡ, ಉಪ್ಪುನೀರಿನಲ್ಲಿ ತೊಳೆ, ಒಣಗಿಸು, ಲಂಗದ ಕೆಳಗೆ ಏನೂ ತೊಡಬೇಡ. ಹನ್ನೊಂದನೆಯ ದಿನ ತಂಡದ ಎಲ್ಲರನ್ನೂ ಕರೆದುಕೊಂಡು ಬಾ.

ಕರೆದುಕೊಂಡು ಹೋದೆ. ಬಾಯಿಬಡುಕಿ ಯೋಲಿಮಾ ದಾರಿಯುದ್ದಕ್ಕೂ ನನ್ನ ಕಾಲೆಳೆಯುತ್ತಲೇ ಬಂದಳು. ಆದರೆ ಹೋಗಿ ನಿಂತ ಮೇಲೆ ಗೊತ್ತಾದದ್ದು, ಆರು ಜನರಲ್ಲಿ ಐವರಿಗೆ ಅದೇ ಕಾಟ. ಎಲ್ಲರೂ ಎಲ್ಲರಿಂದಲೂ ಮುಚ್ಚಿಟ್ಟಿದ್ದೆವು. ಯೋಲಿಮಾಳದೇ ಎಲ್ಲಕ್ಕಿಂತ ದೊಡ್ಡ ಗಾಯ.

ದೊನ್ಯಾ ದೆಲ್ಫಿನಾ ಅರೇಪಾ ರೊಟ್ಟಿಗೆ ಕಲಸಿದ ಮೆಕ್ಕೆಜೋಳದ ಹಿಟ್ಟನ್ನು ಒಂದು ಮರದ ಹಲಗೆಯ ಮೇಲೆ ಎರಡು ಬೆರಳು ದಪ್ಪಕ್ಕೆ ತಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸ್ಟೂಲಿನ ಮೇಲಿಟ್ಟಿದ್ದರು. ಒಬ್ಬೊಬ್ಬರೇ ಅದರ ಮೇಲೆ ಕೂತು, ಸೈಕಲ್ ಮೇಲೆ ಬಗ್ಗುವಂತೆ ಮುಂದಕ್ಕೆ ಬಗ್ಗಬೇಕು. ಎದ್ದಾಗ ಹಿಟ್ಟಿನಲ್ಲಿ ಕೂರುವ ಮೂಳೆಗಳ ಎರಡು ಗುಳಿ ಬಿದ್ದಿರುತ್ತಿದ್ದವು. ಅವುಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು, ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆದುಕೊಂಡು, ಹಿಟ್ಟು ಸಮ ಮಾಡಿ ಮುಂದಿನವಳನ್ನು ಕರೆಯುತ್ತಿದ್ದರು. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆವು. ಕಡ್ಡಿಯಂತಿದ್ದ ಯೋಲಿಮಾಳ ಗುಳಿಗಳು ನಮ್ಮೆಲ್ಲರಿಗಿಂತ ಅಗಲಕ್ಕಿದ್ದವು. ಮೂಳೆ ಹೊರಗಿನ ಮಾಂಸ ನೋಡಿ ಬೆಳೆಯುವುದಿಲ್ಲ ಎಂದರು ದೊನ್ಯಾ ದೆಲ್ಫಿನಾ. ಆ ಹಿಟ್ಟಿನ ಅರೇಪಾ ತಿನ್ನಲು ಯಾರೂ ಒಪ್ಪದೆ ಅದು ಕೋಳಿಗಳ ಪಾಲಾಯಿತು.

ಅಂದು ಅವರು ಹೇಳಿದ ಮೊದಲ ಕಟ್ಟಪ್ಪಣೆ, ಈ ಚಡ್ಡಿಯ ಒಳಗೆ ಇನ್ನೇನೂ ತೊಡಕೂಡದು ಎನ್ನುವುದು. ಮೆತ್ತೆ ನೇರ ಚರ್ಮಕ್ಕೆ ತಾಗಬೇಕು. ನಮಗೆ ಜೀವವೇ ಹೋದಂತಾಯಿತು. ಅಷ್ಟು ತೆಳ್ಳನೆಯ ಬಟ್ಟೆಯಲ್ಲಿ, ಗಂಡಸರ ಮುಂದೆ, ಒಳಗೆ ಏನೂ ಇಲ್ಲದೆ ಹೇಗೆ ಎಂದು ಒಬ್ಬಳು ಗೊಣಗಿದಳು.

"ಗಂಡಸ್ರು ನಿಮ್ಮ ಹಿಂದೆ ಇದ್ರೆ ತಾನೆ ನೋಡೋದು," ಎಂದರು ಮಂಚದ ಮೇಲಿನ ದೊನ್ಯಾ ತ್ರಾನ್ಸಿತೊ. "ಹಂಗಾದ್ರೆ ನೀವು ಮುಂದಿದೀರಿ ಅಂತ ಲೆಕ್ಕ."

ಮೊದಲ ಚಡ್ಡಿ ಮೂರು ವಾರದಲ್ಲಿ ಸಿದ್ಧವಾಯಿತು. ಮೆತ್ತೆಗೆ ಬ್ರಾ ಬಟ್ಟಲಿನ ಸ್ಪಂಜನ್ನು ಪದರ ಪದರವಾಗಿ ಕತ್ತರಿಸಿ, ಮೂಳೆ ಕೂರುವಲ್ಲಿ ದಪ್ಪ, ಮುಂದಕ್ಕೆ ಹೋದಂತೆ ತೆಳ್ಳಗೆ ಮಾಡಿದ್ದರು. ನಡುವಿನ ಹೊಲಿಗೆ ಇರಲೇ ಇಲ್ಲ. ಆದರೆ ಉಳಿದದ್ದೆಲ್ಲ ಫಾಹಾ ಹೊಲಿದ ಕೈಯಿಂದಲೇ ಬಂದಿತ್ತು. ಕನ್ನಡಿಯ ಮುಂದೆ ನಿಂತರೆ ನಾವು ಆರೂ ಜನ ಸುಂದರಿಯರು. ಸಾಂತಾ ರೋಸಾದ ಏರು ಶುರುವಾಗುತ್ತಲೇ ಉಸಿರು ಸಿಕ್ಕಿಕೊಂಡಿತು. ಹೊಟ್ಟೆ ಹಿಗ್ಗಲು ಜಾಗವಿರಲಿಲ್ಲ. ಬಗ್ಗಿದಷ್ಟೂ ಪಟ್ಟಿ ಭುಜವನ್ನು ಕಚ್ಚುತ್ತಿತ್ತು. ಯೋಲಿಮಾ ಅರ್ಧ ದಾರಿಯಲ್ಲಿ ಇಳಿದು, ಬೇಲಿಯ ಹಿಂದೆ ಹೋಗಿ ಪಟ್ಟಿ ಬಿಚ್ಚಿಕೊಂಡು ಬಂದಳು. ಸಂಜೆ ಅವಳೇ ಹೋಗಿ ಹೇಳಿದ್ದು:

"ದೊನ್ಯಾ ದೆಲ್ಫಿನಾ, ಬೇಜಾರ್ ಮಾಡ್ಕೋಬೇಡಿ. ಇದನ್ನ ಹಾಕ್ಕೊಂಡು ಮದುವೆಗೆ ಹೋಗ್ಬೋದು. ಬೆಟ್ಟ ಹತ್ತಕ್ಕಾಗಲ್ಲ."

ದೊನ್ಯಾ ದೆಲ್ಫಿನಾ ಬೇಜಾರು ಮಾಡಿಕೊಳ್ಳಲಿಲ್ಲ. ಚಡ್ಡಿಯನ್ನು ಮಡಿಲಿಗೆ ಹಾಕಿಕೊಂಡು ಪಟ್ಟಿಯ ಹೊಲಿಗೆ ಬಿಚ್ಚತೊಡಗಿದರು. ಇಷ್ಟು ವರ್ಷ ತಾನು ನಿಂತ ಹೆಂಗಸರಿಗೆ ಹೊಲಿದವಳು, ಬಗ್ಗಿ ಬೆವರುವ ಹೆಂಗಸಿನ ಮೈ ತನಗೆ ಗೊತ್ತಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನನಗೆ ಸೈಕಲ್ ಕಲಿಸುತ್ತೀಯಾ ಎಂದು ಕೇಳಿದರು.

ಬೆಳಿಗ್ಗೆ ಆರಕ್ಕೆ, ಜನ ಓಡಾಡುವ ಮೊದಲು, ಇಟ್ಟಿಗೆ ಗೂಡಿನ ಬಯಲಿನಲ್ಲಿ ಕಲಿಸಿದೆವು. ಅಷ್ಟು ಹೊತ್ತು ನಮ್ಮಲ್ಲೊಬ್ಬಳು ಮನೆಯಲ್ಲಿ ದೊನ್ಯಾ ತ್ರಾನ್ಸಿತೊ ಬಳಿ ಕೂರುತ್ತಿದ್ದಳು. ದೊನ್ಯಾ ದೆಲ್ಫಿನಾ ತಾವೇ ಹೊಲಿದ ಚಡ್ಡಿ ತೊಟ್ಟು, ಅದರ ಮೇಲೆ ಕಪ್ಪು ಲಂಗ ಹಾಕಿ, ಲಂಗ ಸರಪಳಿಗೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಇಬ್ಬರು ಎರಡು ಕಡೆ ಹಿಡಿದು ಓಡಬೇಕು. ಅವರು ಮೂರು ಸಲ ಬೂದಿಯ ರಾಶಿಯ ಮೇಲೆ ಬಿದ್ದರು. ಒಂದು ಸಲ ಮಣಿಕಟ್ಟು ಊದಿಕೊಂಡು ಎರಡು ದಿನ ಹೊಲಿಗೆ ನಿಂತಿತು. ಮಗಳು ಬೂದಿ ಬಳಿದುಕೊಂಡು ಮನೆಗೆ ಬಂದಾಗೆಲ್ಲ ದೊನ್ಯಾ ತ್ರಾನ್ಸಿತೊ, ಇವತ್ತು ಸೈಕಲ್ ಗೆದ್ದಿತೋ ನೀನು ಗೆದ್ದೆಯೋ ಎಂದು ಕೇಳುತ್ತಿದ್ದರಂತೆ. ಇಪ್ಪತ್ತೆರಡನೆಯ ದಿನ, ನಾವು ಕೈಬಿಟ್ಟದ್ದು ಗೊತ್ತಿಲ್ಲದೆ ಬಯಲಿನ ಆ ತುದಿಯವರೆಗೆ ಹೋದರು. ಅಲ್ಲಿ ತಿರುಗಿಸಲು ಬಾರದೆ ಗೋಡೆಗೆ ಕೈಕೊಟ್ಟು ನಿಂತು, ನಾವು ಓಡಿ ಹೋಗುವವರೆಗೆ ಇಳಿಯದೆ ಸೀಟಿನ ಮೇಲೇ ಕೂತಿದ್ದರು. ಕೆನ್ನೆ ಕೆಂಪಾಗಿತ್ತು. ಇನ್ನೊಂದು ಸಲ ಎಂದರು ಅಷ್ಟೆ.

ಒಂದು ತಿಂಗಳ ಮೇಲೆ ತಿಬಾಸೋಸಾದವರೆಗೆ ಹೋಗತೊಡಗಿದರು. ಸಮತಟ್ಟು ರಸ್ತೆ. ಲಂಗ ಬಿಟ್ಟಾಗಿತ್ತು. ಜೇಬಿನಲ್ಲಿ ದರ್ಜಿ ಸೀಮೆಸುಣ್ಣ ಇಟ್ಟುಕೊಂಡು, ಎಲ್ಲಿ ಉಜ್ಜುತ್ತದೋ ಅಲ್ಲಿ ರಸ್ತೆ ಬದಿ ನಿಂತು ಚಡ್ಡಿಯ ಮೇಲೆ ಗುರುತು ಹಾಕುತ್ತಿದ್ದರು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು: ಎಂಟನೆಯ ಕಿಲೋಮೀಟರು, ಎಡತೊಡೆಯ ಒಳಬದಿ; ಹನ್ನೆರಡನೆಯದು, ಬಲಭುಜ. ಚಡ್ಡಿಯ ಕೆಳತುದಿಯ ರಬ್ಬರ್ ಪಟ್ಟಿ ಅವರ ದಪ್ಪ ತೊಡೆಯನ್ನು ಕೊಯ್ದು ಗೆರೆ ಎಳೆದಾಗ ರಬ್ಬರನ್ನೇ ಕಿತ್ತುಹಾಕಿ ಅಂಗೈ ಅಗಲದ ಮೃದು ಮಡಿಕೆ ಕೊಟ್ಟರು. ಹೊಟ್ಟೆಯ ಭಾಗದ ಬಟ್ಟೆ ಮುಂಚಿನದಕ್ಕಿಂತ ತೆಳ್ಳಗಾಯಿತು, ಅಡ್ಡಕ್ಕೂ ಉದ್ದಕ್ಕೂ ಹಿಗ್ಗುವಂಥದ್ದಾಯಿತು. ಮೆತ್ತೆಯ ಮೇಲುಹೊದಿಕೆಗೆ ಮೊದಲು ಹಸುಗೂಸಿನ ಬನಿಯನ್ ಬಟ್ಟೆ ಹಾಕಿದ್ದರು. ಅದು ಬೆವರು ಹೀರಿ ಒದ್ದೆ ಚಿಂದಿಯಾದ್ದರಿಂದ ತೆಗೆದು, ಈಜುಡುಗೆಯ ಒಳಪದರದ ಬಟ್ಟೆ ಹಾಕಿದರು. ಪಟ್ಟಿಗಳು ಎದೆಯನ್ನು ಬಳಸಿಕೊಂಡು ಹೊರಮಗ್ಗುಲಿನಿಂದ ಹೋದವು. ಅಲ್ಲಿಂದ ಮುಂದೆ ಯಾರ ಅಳತೆಯನ್ನೂ ನಿಲ್ಲಿಸಿ ತೆಗೆದುಕೊಳ್ಳಲಿಲ್ಲ. ಸೈಕಲನ್ನೇ ಅಡುಗೆಮನೆಗೆ ತಂದು, ಗೋಡೆಗೆ ಒರಗಿಸಿ, ಅದರ ಮೇಲೆ ಬಗ್ಗಿಸಿಯೇ ಟೇಪು ಹಿಡಿಯುತ್ತಿದ್ದರು. ನಿಂತಾಗ ಸುಕ್ಕು ಬಿದ್ದು ಕೆಟ್ಟದಾಗಿ ಕಂಡರೂ ಸರಿ, ಬಗ್ಗಿದಾಗ ಕೂರಬೇಕು ಎನ್ನುತ್ತಿದ್ದರು.

ಇನ್ನೊಂದು ತೊಂದರೆಯನ್ನು ಹೇಳಲು ನಾವು ಹಿಂಜರಿದಿದ್ದೆವು. ನವೆಂಬರಿನಲ್ಲಿ ಲಾ ರೂಸಿಯಾದ ಬೆಟ್ಟದ ತುದಿಯಲ್ಲಿ ಅದು ತಾನಾಗಿಯೇ ಹೊರಬಿತ್ತು. ಆಲಿಕಲ್ಲು ಮಳೆ. ದೊನ್ ಎಲಿಯೆಸೆರ್ ತಮ್ಮ ಹಳೆಯ ಜೀಪಿನಲ್ಲಿ ಹಿಂದೆ ಬರುತ್ತಿದ್ದರು. ದೊನ್ಯಾ ದೆಲ್ಫಿನಾ ನಮ್ಮನ್ನು ಏರಿನಲ್ಲಿ ನೋಡಬೇಕೆಂದು ಅವರ ಪಕ್ಕದಲ್ಲಿ ಕೂತಿದ್ದರು. ನನಗೂ ಯೋಲಿಮಾಗೂ ಮೂತ್ರಕ್ಕೆ ಹೋಗಬೇಕಿತ್ತು. ಗಂಡಸರಿಗಾದರೆ ರಸ್ತೆ ಬದಿ ನಿಂತರೆ ಮುಗಿಯಿತು. ನಾವು ಪಟ್ಟಿ ಇಳಿಸಬೇಕಾದರೆ ಮೊದಲು ಜಾಕೆಟ್ಟು, ಆಮೇಲೆ ಅಂಗಿ, ಅದರ ಕೆಳಗಿನ ಬನಿಯನ್ನು, ಎಲ್ಲ ಬಿಚ್ಚಬೇಕು. ಆ ಚಳಿಯಲ್ಲಿ ಬಂಡೆಯ ಹಿಂದೆ ಅರೆಬೆತ್ತಲೆಯಾಗಿ, ಬೆನ್ನಿನ ಮೇಲೆ ಆಲಿಕಲ್ಲು ಬೀಳಿಸಿಕೊಂಡು, ಹಲ್ಲು ಕಟಕಟಿಸುತ್ತ ಕೂತಿದ್ದೆವು. ತಲೆ ಎತ್ತಿ ನೋಡಿದರೆ ದೊನ್ಯಾ ದೆಲ್ಫಿನಾ ತಮ್ಮ ರುವಾನಾ ಕಂಬಳಿಯನ್ನು ನಮ್ಮಿಬ್ಬರ ಮೇಲೆ ಅಡ್ಡ ಹಿಡಿದು ನಿಂತಿದ್ದರು.

"ಪ್ರತಿ ಸಲ ಹಿಂಗೇನಾ?"

"ಅದಕ್ಕೇ ನಾವು ನೀರೇ ಕುಡಿಯಲ್ಲ," ಎಂದಳು ಯೋಲಿಮಾ.

ದೊನ್ಯಾ ದೆಲ್ಫಿನಾ ಜೀಪಿಗೆ ಹೋಗಿ ಕೂತು, ದೊನ್ ಎಲಿಯೆಸೆರ್ ಕಡೆ ತಿರುಗಿದರಂತೆ. ಆ ಮಾತನ್ನು ದೊನ್ ಎಲಿಯೆಸೆರ್ ಅವರೇ ಎಷ್ಟೋ ವರ್ಷಗಳ ಮೇಲೆ ನಮಗೆ ಹೇಳಿದರು. ಈ ಹುಡುಗಿಯರು ಬಾಯಾರಿಕೊಂಡೇ ನಿಮ್ಮ ಬೆಟ್ಟ ಹತ್ತುತ್ತಿದ್ದಾರೆ, ನಿಮಗೆ ಗೊತ್ತಿತ್ತೇ ಎಂದು ಕೇಳಿದರಂತೆ. ಗೊತ್ತಿರಲಿಲ್ಲ ಎಂದು ಅವರು ಒಪ್ಪಿಕೊಂಡರಂತೆ.

ಈ ಕೆಲಸಕ್ಕೆ ಫಾಹಾದ ವಿದ್ಯೆಯೇ ನೆರವಿಗೆ ಬಂತು. ಎರಡು ಪಟ್ಟಿಗಳೂ ಬೆನ್ನಿನಲ್ಲಿ ಕೂಡಿ ಒಂದಾಗಿ, ಸೊಂಟದ ಹತ್ತಿರ ಒಂದು ಕೊಕ್ಕೆಗೆ ಬಂದು ಸೇರುವಂತೆ ಮಾಡಿದರು. ಅಂಗಿಯ ಕೆಳಗಿನಿಂದ ಕೈ ಹಾಕಿ ಕೊಕ್ಕೆ ಬಿಡಿಸಿದರೆ ಚಡ್ಡಿಯ ಹಿಂಭಾಗ ಇಳಿಯುತ್ತದೆ, ಮೇಲಿನ ಬಟ್ಟೆ ಒಂದೂ ತೆಗೆಯಬೇಕಿಲ್ಲ. ಕೊಕ್ಕೆ ಬೆನ್ನೆಲುಬಿಗೆ ಒತ್ತದಂತೆ ಎರಡು ಬೆರಳು ಪಕ್ಕಕ್ಕೆ ಸರಿಸಿ, ಒಳಗೆ ತೇಪೆ ಕೊಟ್ಟರು. ಮರಗಟ್ಟಿದ ಬೆರಳಿಗೂ ಸಿಗಬೇಕೆಂದು, ತಾವು ಐಸ್ ನೀರಿನಲ್ಲಿ ಕೈ ಅದ್ದಿ ತೆಗೆದು ಕೊಕ್ಕೆ ಬಿಡಿಸಿ ಹಾಕಿ ನೋಡಿದರು. ಅದನ್ನು ತೊಟ್ಟು ಬೆಟ್ಟ ಹತ್ತಿದ ದಿನ ನಾನು ಎರಡು ಬಾಟಲಿ ನೀರು ಕುಡಿದೆ. ಬೆಟ್ಟದಲ್ಲಿ ನೀರು ಇಷ್ಟು ರುಚಿ ಎಂದು ನನಗೆ ತಿಳಿದದ್ದು ಅಂದೇ.

ದೊನ್ಯಾ ತ್ರಾನ್ಸಿತೊ ಮಾರ್ಚಿನಲ್ಲಿ ತೀರಿಕೊಂಡರು, ಒಂದು ಬೆಳಿಗ್ಗೆ, ಮಗಳು ಮಗ್ಗುಲು ಬದಲಿಸುತ್ತಿದ್ದಾಗ. ಮೈ ತೊಳೆಯಲು ನಾನೂ ಯೋಲಿಮಾಳೂ ಹೋಗಿದ್ದೆವು. ಆರು ವರ್ಷ ಮಲಗಿದಲ್ಲೇ ಇದ್ದ ಆ ಮೈಯಲ್ಲಿ, ಹಳೆಯ ಗಾಯದ ಒಂದು ಕಲೆ ಬಿಟ್ಟರೆ, ಎಲ್ಲೂ ಚರ್ಮ ಒಡೆದಿರಲಿಲ್ಲ. ಮಣ್ಣಿಗೆ ಕೊಡುವ ದಿನ ನಾವು ಆರೂ ಜನ ತಂಡದ ಜಾಕೆಟ್ಟು ತೊಟ್ಟು ಪೆಟ್ಟಿಗೆ ಹೊತ್ತೆವು. ಹೆಂಗಸರು ಪೆಟ್ಟಿಗೆ ಹೊರುವುದುಂಟೇ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ದೊನ್ ಎಲಿಯೆಸೆರ್, ಇವರು ಲಾ ರೂಸಿಯಾ ಹತ್ತುವವರು, ದಾರಿ ಬಿಡಿ ಎಂದರು.

ಜೂನಿನಲ್ಲಿ ನಮ್ಮ ಪ್ರಾಂತದ ಹೆಂಗಸರ ನಾಲ್ಕು ದಿನದ ಪಂದ್ಯ. ಐವತ್ತನಾಲ್ಕು ಜನ ಹೊರಟಿದ್ದೆವು. ಮೂರನೆಯ ದಿನದ ಹೊತ್ತಿಗೆ ಹದಿನೇಳು ಜನ ಬಿಟ್ಟಿದ್ದರು, ಅವರಲ್ಲಿ ಎಷ್ಟೋ ಮಂದಿ ಕೂರಲಾಗದೆ. ನಮ್ಮಲ್ಲಿ ಯಾರೂ ಗೆಲ್ಲಲಿಲ್ಲ. ಯೋಲಿಮಾ ಎಂಟನೆಯವಳು, ನಾನು ಇಪ್ಪತ್ತೊಂಬತ್ತನೆಯವಳು. ಆದರೆ ಆರಕ್ಕೆ ಆರೂ ಜನ ಕೊನೆಯ ಗೆರೆ ದಾಟಿದೆವು, ಸಂಜೆ ಕುರ್ಚಿಯ ಮೇಲೆ ನೆಟ್ಟಗೆ ಕೂತು ಕುಚುಕೊ ಗಂಜಿ ಉಂಡೆವು. ತಂಗಿದ್ದ ಶಾಲೆಯ ಅಂಗಳದಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ನಮ್ಮ ಚಡ್ಡಿಗಳನ್ನು ಬೇರೆ ತಂಡದ ಹುಡುಗಿಯರು ಒಳಮೈ ಹೊರಗೆ ಮಾಡಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಯಾರು ಹೊಲಿದದ್ದು ಎಂದು ಕೇಳಿದರು. ಹೇಳಿದೆವು.

ಆಮೇಲೆ ದೊನ್ಯಾ ದೆಲ್ಫಿನಾ ಮನೆಗೆ ಎಲ್ಲೆಲ್ಲಿಂದಲೋ ಬರತೊಡಗಿದರು. ಬರಲಾಗದವರು ಅಂಚೆಯಲ್ಲಿ ಅಳತೆ ಕಳಿಸಿದರು. ಪಾಸ್ತೊದಿಂದ, ಕೂಕುತಾದಿಂದ, ಹಿಟ್ಟಿನ ಮೇಲೆ ಕೂತು ಎದ್ದ ಗುಳಿಗಳನ್ನು ರಟ್ಟಿನ ಮೇಲೆ ಗೆರೆ ಎಳೆದು ಕಳಿಸುತ್ತಿದ್ದರು. ಅಂಚೆಯವನು, ಇದೇನು ಕನ್ನಡಕದ ಚಿತ್ರವೇ ಎಂದು ಒಮ್ಮೆ ಕೇಳಿದನಂತೆ. ಹೌದು, ಹೆಂಗಸರ ಕನ್ನಡಕ ಎಂದರಂತೆ ಇವರು.

ಒಂದು ದಿನ ದೊನ್ ಎಲಿಯೆಸೆರ್ ಕೂಡ ಕಂಕುಳಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಂದರು. ಆ ಹೊತ್ತಿಗೆ ನಾನೂ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ, ಅಲ್ಲೇ ಬಟ್ಟೆ ಕತ್ತರಿಸುತ್ತಿದ್ದೆ.

"ಒಬ್ಬ ಸ್ನೇಹಿತನಿಗೆ," ಎಂದರು. "ಪಾಪ, ಅವನಿಗೆ ವಯಸ್ಸಾಯ್ತು. ಸೀಟು ಆಗ್ತಿಲ್ಲ."

"ಸುಮೆರ್ಸೆ, ಆ ಸ್ನೇಹಿತರು ಹಿಟ್ಟಿನ ಮೇಲೆ ಕೂರ್ಬೇಕಾಗತ್ತೆ," ಎಂದರು ದೊನ್ಯಾ ದೆಲ್ಫಿನಾ, ತಲೆ ಎತ್ತದೆ; ಸುಮೆರ್ಸೆ ಎಂದರೆ ನಮ್ಮ ಕಡೆ ತಾವು ಎಂದ ಹಾಗೆ. "ಕಲಸಿಡ್ತೀನಿ. ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ, ನಾವು ಹೊರಗಿರ್ತೀವಿ."

ನಾವು ಹೊರಗೆ ನಿಂತು ಬಾಯಿಗೆ ಕೈ ಒತ್ತಿಕೊಂಡು ನಗು ತಡೆದೆವು. ದೊನ್ ಎಲಿಯೆಸೆರ್ ಇಂದಿಗೂ ಆ ಚಡ್ಡಿಯನ್ನು ಸ್ನೇಹಿತನದೆಂದೇ ಹೇಳುತ್ತಾರೆ.

ಇವೆಲ್ಲದರಲ್ಲಿ ನನ್ನ ಮನಸ್ಸಿನಲ್ಲಿ ಕಚ್ಚಿಕೊಂಡಿರುವುದು ನೊಹೋರಾ ಟೀಚರ್ ಬಂದ ದಿನ. ಪಾಯ್ಪಾ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು, ನಲವತ್ತರ ಮೇಲಿನ ವಯಸ್ಸು. ಕ್ಯಾನ್ಸರ್ ಆಗಿ ಎಡ ಎದೆ ತೆಗೆಸಿದ್ದರು. ಮೊದಲು ಸೈಕಲ್ ತುಳಿಯುತ್ತಿದ್ದವರಿಗೆ ಈಗ ಯಾವ ಪಟ್ಟಿ ಹಾಕಿದರೂ ಗಾಯದ ಗೆರೆಯ ಮೇಲೇ ಬರುತ್ತಿತ್ತು; ಬಿಸಿ ಕಂಬಿ ಇಟ್ಟಂತೆ ಎಂದರು. ಬೇರೆ ಕಡೆ ವಿಚಾರಿಸಿದಾಗ ಪಟ್ಟಿಯಿಲ್ಲದ್ದನ್ನು ತೊಡಿ ಎಂದರಂತೆ. ಅದರ ಬಿಗಿ ನಡುಪಟ್ಟಿ ಹೊಟ್ಟೆಯನ್ನು ಕೊಯ್ಯುತ್ತಿತ್ತು. ದೊನ್ಯಾ ದೆಲ್ಫಿನಾ ಅವರನ್ನು ಕೂರಿಸಿ, ಗಾಯ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ಮರಗಟ್ಟಿದೆ, ಎಲ್ಲಿ ಮುಟ್ಟಿದರೆ ಉರಿಯುತ್ತದೆ ಎಂದು ಬೆರಳ ತುದಿಯಿಂದ ಕೇಳಿ ಕೇಳಿ ತಿಳಿದುಕೊಂಡರು. ನಾಲ್ಕು ಸಲ ಹೊಲಿದು ನಾಲ್ಕು ಸಲ ಬಿಚ್ಚಿದರು. ಕೊನೆಗೆ ಎಡಪಟ್ಟಿಯನ್ನೇ ತೆಗೆದುಹಾಕಿ, ಬಲಭುಜದ ಒಂದೇ ಅಗಲ ಪಟ್ಟಿ ಬೆನ್ನಿನ ಮೇಲೆ ಓರೆಯಾಗಿ ಎಡಸೊಂಟಕ್ಕೆ ಇಳಿಯುವಂತೆ ಮಾಡಿದರು. ನೊಹೋರಾ ಟೀಚರ್ ಅದನ್ನು ತೊಟ್ಟು ಗೋಡೆಗೆ ಒರಗಿಸಿದ ಸೈಕಲ್ ಹತ್ತಿ ಬಗ್ಗಿದರು. ಉಸಿರು ಎಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು.

"ಏನೂ ಇಲ್ಲ," ಎಂದರು. "ಏನೂ ಗೊತ್ತಾಗ್ತಿಲ್ಲ ದೊನ್ಯಾ ದೆಲ್ಫಿನಾ."

"ಹಂಗೇ ಇರ್ಬೇಕು," ಎಂದರು ಇವರು.

ಟೀಚರ್ ಸೈಕಲ್ಲಿನಿಂದ ಇಳಿಯಲೇ ಇಲ್ಲ. ಅಡುಗೆಮನೆಯಲ್ಲಿ ಗೋಡೆ ನೋಡುತ್ತ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಅರ್ಧ ಗಂಟೆ ಕೂತಿದ್ದರು. ನಾವು ಅವರ ಪಾಡಿಗೆ ಬಿಟ್ಟು ಕೆಲಸ ಮುಂದುವರಿಸಿದೆವು.

ದೊನ್ಯಾ ದೆಲ್ಫಿನಾ ಅರವತ್ತಾರಕ್ಕೆ ಯಂತ್ರದ ಮುಂದೆ ಕೂರುವುದನ್ನು ಬಿಟ್ಟರು, ಬೆರಳಿನ ಗೆಣ್ಣುಗಳು ಊದಿಕೊಂಡವು. ಈಗ ಆ ಮನೆಯಲ್ಲಿ ಹಳೆಯ ತಂಡದ ನಾವು ಮೂವರು ಹೊಲಿಯುತ್ತೇವೆ. ನೋಟ್‌ಬುಕ್ಕುಗಳು ಹನ್ನೊಂದಾಗಿವೆ. ಸೈಕಲ್ ಮಾತ್ರ ಅವರು ಬಿಡಲಿಲ್ಲ. ಎಪ್ಪತ್ತು ತುಂಬಿದ ದಿನ ನಲವತ್ತು ಹೆಂಗಸರು ಸೇರಿ ಅವರನ್ನು ನಡುವೆ ಇಟ್ಟುಕೊಂಡು ತಿಬಾಸೋಸಾಗೆ ಹೋದೆವು. ಚೌಕದಲ್ಲಿ ಕಾಫಿ ಕುಡಿಯುವಾಗ ಯೋಲಿಮಾ ಎದ್ದು ನಿಂತು, ಬರೆದು ತಂದಿದ್ದ ಕೃತಜ್ಞತೆಯ ಮಾತು ಓದಲು ಹೊರಟಳು. ಎರಡು ಸಾಲು ಮುಗಿಯುವುದರೊಳಗೆ ದೊನ್ಯಾ ದೆಲ್ಫಿನಾ ಕೈ ಎತ್ತಿ ನಿಲ್ಲಿಸಿದರು.

"ಸಾಕು ಕೂತ್ಕೊಳೇ. ನಾನು ಹೇಳ್ಬೇಕಾಗಿರೋದನ್ನ ನೀನು ಹೇಳ್ತಿದೀಯ. ಐವತ್ತೊಂದು ವರ್ಷ ನಾನು ಈ ರಸ್ತೆ ನೋಡಿದ್ದು ಬಸ್ಸಿನ ಕಿಟಕಿಯಿಂದ. ಅವ್ವ ಹೋದ್ಮೇಲೆ ಆ ಮನೇಲಿ ಒಬ್ಳೇ ಏನ್ ಮಾಡ್ತಿದ್ನೋ, ನಂಗೊತ್ತಿಲ್ಲ. ಹರಿದ ಚಡ್ಡಿ ತಂದುಕೊಟ್ರಿ, ಪುಣ್ಯಾತ್ಗಿತ್ತೀರು."

ಹರಿದಿರಲಿಲ್ಲ, ಪಟ್ಟಿ ಉದ್ದವಾಗಿತ್ತು ಅಷ್ಟೆ ಎಂದೆ ನಾನು. ಮಾತಿಗೆ ಮಾತು ಕೊಡಬೇಡ ಎಂದರು. ಫೆಯ್‌ಹೋವಾ ಹಣ್ಣಿನ ಮಿಠಾಯಿ ಹಂಚಿದರು, ತಾವೂ ಎರಡು ತಿಂದರು.

ಹಿಂತಿರುಗುವಾಗ ಎದುರುಗಾಳಿ. ಮುಂದೆ ಎಂಟು ಜನ ಸಾಲಾಗಿ ತುಳಿಯುತ್ತ ಗಾಳಿ ಮುರಿದೆವು, ಅವರನ್ನು ನಮ್ಮ ಬೆನ್ನ ಹಿಂದೆ ಇಟ್ಟುಕೊಂಡೆವು. ದುಯಿತಾಮಾದ ಇಟ್ಟಿಗೆ ಗೂಡುಗಳು ಕಾಣುವವರೆಗೂ ನಾನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೆ. ಮುಖ ಕೆಂಪಾಗಿತ್ತು, ಬಾಯಿ ಬಿಗಿದಿತ್ತು, ಕಾಲು ಒಂದೇ ಸಮ ತಿರುಗುತ್ತಿತ್ತು. ಒಂದು ಸಲ ನನ್ನ ಕಣ್ಣಿಗೆ ಕಣ್ಣು ಸಿಕ್ಕಿದಾಗ, ಹಿಂದೆ ನೋಡಬೇಡ, ರಸ್ತೆ ನೋಡು ಎಂದು ಗದರಿದರು.